ಗಿರಣಿ ಕಟ್ಟಿಕೊಟ್ಟ ಗಂಡಸುತನ

ದಾವಣಗೆರೆ ಮತ್ತು ಹರಿಹರದ ದುಡಿಯುವ ಮನೆಗಳಲ್ಲಿ ಎರಡು ತಲೆಮಾರುಗಳ ಕಾಲ ಗಂಡಸುತನವೆಂದು ನಡೆದುಕೊಂಡು ಬಂದದ್ದು ಹುಟ್ಟುಗುಣವೇನೂ ಆಗಿರಲಿಲ್ಲ. ಗಿರಣಿಯ ಪಾಳಿ, ತಿಂಗಳ ಪಗಾರ ಮತ್ತು ಕಾರ್ಖಾನೆ ಕಾಯ್ದೆ ಈ ಮೂರೂ ಸೇರಿ ಕಟ್ಟಿಕೊಟ್ಟ ಒಂದು ವ್ಯವಸ್ಥೆ ಅದಾಗಿತ್ತು. ಗಿರಣಿಗಳು ನಡೆಯುತ್ತಿದ್ದಷ್ಟು ಕಾಲ ಇದು ಯಾರ ಕಣ್ಣಿಗೂ ಬೀಳಲಿಲ್ಲ. ಅವು ಮುಚ್ಚಿ, ನಗರದ ಅಂಚಿನ ಕರೂರು ಕೈಗಾರಿಕಾ ಪ್ರದೇಶದಲ್ಲಿ ಅದೇ ಮನೆಗಳ ಹೆಣ್ಣುಮಕ್ಕಳು ಪಾಳಿಗೆ ಹೋಗತೊಡಗಿದ ಮೇಲೆ ನಿಚ್ಚಳವಾಗಿ ಕಾಣತೊಡಗಿದೆ. ದೇಹದಿಂದ ಬರುವ ಗಂಡು ಹೆಣ್ಣೆಂಬ ಭೇದವನ್ನು ಲಿಂಗವೆಂದೂ, ಆ ಭೇದದ ಮೇಲೆ ಸಮಾಜ ಹೇರುವ ನಡೆ, ಉಡುಗೆ, ಕೆಲಸ, ಹಕ್ಕುಗಳ ಕಟ್ಟಳೆಯನ್ನು ಲಿಂಗತ್ವವೆಂದೂ ಸಮಾಜಶಾಸ್ತ್ರ ಬೇರ್ಪಡಿಸಿ ಹೇಳುತ್ತದೆ. ವ್ಯಕ್ತಿಯನ್ನು ಕಾಣುವ ಮೊದಲೇ ಅವರ ಗುಣ ಯೋಗ್ಯತೆಗಳನ್ನು ಈ ಕಟ್ಟಳೆಯ ಪ್ರಕಾರ ತೀರ್ಮಾನಿಸಿಬಿಡುವ ಸಿದ್ಧ ಕಲ್ಪನೆಗೆ ಪಡಿಯಚ್ಚು ಎಂಬ ಹೆಸರಿದೆ. ಇಲ್ಲಿ ಗಂಡಸುತನವೆಂಬ ಮಾತನ್ನು ಲಿಂಗತ್ವದ ಅರ್ಥದಲ್ಲಿಯೇ ಬಳಸಲಾಗಿದೆ.

1930ರ ದಶಕದಿಂದ ಮುಂದೆ ಒಂದರ ಹಿಂದೊಂದು ತಲೆಯೆತ್ತಿದ ಹತ್ತಿ ಗಿರಣಿಗಳು ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ತಂದವು. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳಿಗೆ ಹೆಸರಾಗಿ, ಟರ್ನರ್, ಫಿಟ್ಟರ್‌ಗಳ ಒಂದು ದೊಡ್ಡ ಬಳಗವನ್ನೇ ಬೆಳೆಸಿತು. ಸುತ್ತಲಿನ ಹೊಲಗಳಲ್ಲಿ ಹತ್ತಿ ಬಿಡಿಸುವವರು ಹೆಣ್ಣುಮಕ್ಕಳೇ ಆಗಿದ್ದರೂ, ಆ ಹತ್ತಿ ಅಂಡಿಗೆಯಾಗಿ ಗಿರಣಿಯ ಗೇಟು ದಾಟಿದೊಡನೆ ಅದು ಬಹುಮಟ್ಟಿಗೆ ಗಂಡಸರ ಕೈಗೆ ಹೋಗುತ್ತಿತ್ತು. ನೂಲು ಸುತ್ತುವ ವಿಭಾಗದಂಥ ಕೆಲವು ಕಡೆ ಮಾತ್ರ ಹೆಂಗಸರಿಗೆ ಜಾಗವಿರುತ್ತಿತ್ತು. ಇದಕ್ಕೆ ಜನ ಕೊಡುತ್ತಿದ್ದ ಕಾರಣ ಸರಳವಾಗಿತ್ತು: ಯಂತ್ರದ ಕೆಲಸ ಗಟ್ಟಿ ಕೆಲಸ, ಗಂಡಸಿನ ಕೆಲಸ. ಕಾಯ್ದೆಯ ಪುಟ ತೆರೆದು ನೋಡಿದರೆ ಕಾರಣ ಬೇರೆಯೇ ಇದೆ.

1948ರ ಕಾರ್ಖಾನೆ ಕಾಯ್ದೆಯ 66ನೇ ಕಲಮಿನ ಪ್ರಕಾರ ಹೆಂಗಸರನ್ನು ಬೆಳಗಿನ 6ರಿಂದ ಸಂಜೆ 7ರ ನಡುವೆ ಮಾತ್ರ ದುಡಿಸಿಕೊಳ್ಳಬಹುದಾಗಿತ್ತು. ದಿನದ 24 ಗಂಟೆಯೂ ಮೂರು ಪಾಳಿಯಲ್ಲಿ ನಡೆಯುವ, ವಾರ ವಾರಕ್ಕೆ ಪಾಳಿ ಬದಲಾಗುವ ಗಿರಣಿಯಲ್ಲಿ ಒಂದೇ ಪಾಳಿಗೆ ಒದಗಬಲ್ಲ ಕಾರ್ಮಿಕಳು ಮಾಲೀಕನಿಗೆ ಲೆಕ್ಕಕ್ಕೆ ಸಿಗದವಳಾದಳು. 27ನೇ ಕಲಮು ಹತ್ತಿ ಒತ್ತುವ ಕಾರ್ಖಾನೆಯಲ್ಲಿ ಹತ್ತಿ ಬಿಡಿಸುವ ಯಂತ್ರ ನಡೆಯುವ ಭಾಗದಲ್ಲಿ ಹೆಂಗಸರನ್ನೂ ಮಕ್ಕಳನ್ನೂ ನೇಮಿಸಕೂಡದೆಂದಿತು. 22ನೇ ಕಲಮು ತಿರುಗುತ್ತಿರುವ ಯಂತ್ರಭಾಗಗಳಿಗೆ ಎಣ್ಣೆ ಬಿಡುವ, ಒರೆಸುವ ಕೆಲಸದಿಂದ ಹೆಂಗಸರನ್ನೂ ಹರೆಯದವರನ್ನೂ ಒಟ್ಟಿಗೆ ದೂರವಿಟ್ಟಿತು. ಇವು ದುರುದ್ದೇಶದಿಂದ ಬರೆದ ಕಲಮುಗಳಲ್ಲ. 1919ರ ಅಂತರರಾಷ್ಟ್ರೀಯ ಕಾರ್ಮಿಕ ಸಮಾವೇಶದ ರಾತ್ರಿಪಾಳಿ ಒಡಂಬಡಿಕೆಯ ಕಾಲದಿಂದ ಇವನ್ನು ಕಾರ್ಮಿಕರ ಪರವಾದ ಸುಧಾರಣೆಯೆಂದೇ ಎಣಿಸಲಾಗಿತ್ತು. ಆದರೆ ಪ್ರಾಯಕ್ಕೆ ಬಂದ ಹೆಂಗಸನ್ನು ಮಗುವಿನ ಸಾಲಿನಲ್ಲಿ ನಿಲ್ಲಿಸುವ ಕಲಮು, ಅದೇ ಉಸಿರಿನಲ್ಲಿ ಗಂಡಸಿನ ಬಗ್ಗೆಯೂ ಒಂದು ತೀರ್ಪು ಕೊಡುತ್ತದೆ. ಅವಳಿಗೆ ಆಗದ ದೂಳು ಅವನಿಗೆ ಆಗುತ್ತದೆ, ಅವಳ ಕೈ ಹೋಗಬಾರದ ಕಡೆ ಅವನ ಕೈ ಹೋಗಬಹುದು ಎಂಬುದೇ ಆ ತೀರ್ಪು. ಪಡಿಯಚ್ಚು ಎಂಬುದು ಹೆಣ್ಣಿಗಷ್ಟೇ ಇರುವ ಸಂಕಟವೆಂದು ತಿಳಿದವರು ಈ ಎರಡನೆಯ ತೀರ್ಪನ್ನು ಓದುವುದೇ ಇಲ್ಲ.

ಈ ದೂಳಿನ ಪರಿಣಾಮಕ್ಕೆ ವೈದ್ಯಶಾಸ್ತ್ರದಲ್ಲಿ ಬಿಸಿನೋಸಿಸ್ ಎಂಬ ಹೆಸರಿದೆ. ಹತ್ತಿಯ ದೂಳು ವರ್ಷಗಟ್ಟಲೆ ಪುಪ್ಪುಸಕ್ಕೆ ಇಳಿದು ಬರುವ ಈ ಕಾಯಿಲೆಯ ಮೊದಲ ಲಕ್ಷಣವೆಂದರೆ ರಜೆ ಕಳೆದು ಕೆಲಸಕ್ಕೆ ಮರಳಿದ ದಿನ ಎದೆ ಬಿಗಿಯುವುದು. ವಾರ ಕಳೆದಂತೆ ಅದು ಸಡಿಲಾಗುವುದರಿಂದ ಬಹುಕಾಲ ಯಾರೂ ಅದನ್ನು ಕಾಯಿಲೆಯೆಂದೇ ಎಣಿಸುವುದಿಲ್ಲ. ಕಾರ್ಖಾನೆ ಕಾಯ್ದೆ ಇದನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಗೆ ಸೇರಿಸಿತ್ತು. ಗಿರಣಿಯ ಜನ ಇದನ್ನು ದಮ್ಮು ಎನ್ನುತ್ತಿದ್ದರು. ಪಾಳಿ ಬಿಟ್ಟು ಬರುವವರ ತಲೆ, ಹುಬ್ಬು, ಮೀಸೆಗಳ ಮೇಲೆ ಬಿಳಿ ನವಿರು ಕೂತಿರುತ್ತಿತ್ತು. ಮೂಗಿಗೆ ಬಟ್ಟೆ ಕಟ್ಟಿಕೊಂಡು ನಿಲ್ಲುವವನನ್ನು ಜೊತೆಯವರು ಸೆರಗು ಹೊದ್ದವನೆಂದು ರೇಗಿಸುತ್ತಿದ್ದರು. ಬಟ್ಟೆ ಕಟ್ಟದವರ ಎದೆ ನಡುವಯಸ್ಸಿನಲ್ಲೇ ಸಿಳ್ಳೆ ಹಾಕತೊಡಗಿತ್ತೆಂಬುದು ಆ ಓಣಿಗಳಲ್ಲಿ ಬೆಳೆದವರಿಗೆ ಗೊತ್ತಿರುವ ಸಂಗತಿ.

ಗಂಡಸುತನದ ಇನ್ನೊಂದು ಕಾಲು ನಿಂತದ್ದು ಪಗಾರದ ಮೇಲೆ. 1957ರ 15ನೇ ಭಾರತೀಯ ಕಾರ್ಮಿಕ ಸಮ್ಮೇಳನವು ಕನಿಷ್ಠ ವೇತನವನ್ನು ಲೆಕ್ಕ ಹಾಕುವ ಸೂತ್ರವೊಂದನ್ನು ಒಪ್ಪಿಕೊಂಡಿತು. ಒಬ್ಬ ದುಡಿಯುವವನಿಗೆ ಮೂರು ಬಳಕೆ ಘಟಕಗಳ ಒಂದು ಕುಟುಂಬ. ಗಂಡಸು ಒಂದು ಘಟಕವಾದರೆ ಹೆಂಗಸು 0.8, ಇಬ್ಬರು ಮಕ್ಕಳು ತಲಾ 0.6, ತಲೆಗೆ ವರ್ಷಕ್ಕೆ 18 ಗಜದಂತೆ ನಾಲ್ವರಿಗೆ 72 ಗಜ ಬಟ್ಟೆ, ಹೆಂಡತಿ ಮಕ್ಕಳ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯಬಾರದು. ಸಂಸಾರ ಸಾಕುವಷ್ಟು ಕೂಲಿಯನ್ನು ಒಬ್ಬನಿಗೇ ಕೊಡಬೇಕೆಂಬ ಈ ತತ್ವವನ್ನು ಕುಟುಂಬ ವೇತನ ಎನ್ನುತ್ತಾರೆ. ಕೂಲಿ ಏರಿಸುವ ಹೋರಾಟಕ್ಕೆ ಇದು ದೊಡ್ಡ ಬಲ ಕೊಟ್ಟಿತು, ಅದರಲ್ಲಿ ಅನುಮಾನವಿಲ್ಲ. ಭಾರತ ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರನ್ನು ಗಿರಣಿಯ ಈ ಊರು 1978, 1983 ಮತ್ತು 1985ರಲ್ಲಿ ಮೂರು ಬಾರಿ ವಿಧಾನಸಭೆಗೆ ಕಳಿಸಿತೆಂದರೆ ಆ ಹೋರಾಟದ ಕಸುವನ್ನು ಊಹಿಸಬಹುದು. ಕೆಂಪು ಬಾವುಟದ ಕೆಳಗೆ ನಿಂತ ಕಾರ್ಮಿಕ ಮೊಟ್ಟಮೊದಲ ಬಾರಿಗೆ ಮಾಲೀಕನ ಎದುರು ತಲೆಯೆತ್ತಿ ಮಾತಾಡಿದ. ಆದರೆ ಅವನ ಆ ಘನತೆ, ಮನೆಯಲ್ಲಿ ಅವನೊಬ್ಬನೇ ದುಡಿಯುವವನು ಎಂಬ ನಂಬಿಕೆಯ ಮೇಲೆ ನಿಂತಿತ್ತು. ಹೆಂಡತಿ ಬೀಡಿ ಕಟ್ಟಿ, ಮಂಡಕ್ಕಿ ಆರಿಸಿ, ಇನ್ನೊಬ್ಬರ ಮನೆಯ ಪಾತ್ರೆ ತಿಕ್ಕಿ ತರುತ್ತಿದ್ದ ಹಣಕ್ಕೆ ಸೂತ್ರದಲ್ಲಿ ಜಾಗವಿರಲಿಲ್ಲ, ಭಾಷಣದಲ್ಲೂ ಇರಲಿಲ್ಲ.

1980ರ ಮತ್ತು 90ರ ದಶಕಗಳಲ್ಲಿ ಗಿರಣಿಗಳು ಒಂದೊಂದಾಗಿ ನಿಂತವು. ಹರಿಹರದ ಕಿರ್ಲೋಸ್ಕರ್ ಹೊಸ ಶತಮಾನದ ಹೊಸ್ತಿಲಲ್ಲಿ ಬಾಗಿಲು ಹಾಕಿತು. ಮುಂದೆ ಹೇಳಲಿರುವುದು ಈ ಬರಹದ ಲೇಖಕ ಬೆಳೆದ ಮನೆಯ ಸಂಗತಿಯಾದರೂ, ಅಂಥ ನೂರಾರು ಮನೆಗಳಿಗೆ ಹೊಂದುವಂಥದಾದ್ದರಿಂದ ಇಲ್ಲಿ ಪ್ರಸ್ತುತವಾಗುತ್ತದೆ. ತಂದೆ ಒಂದು ಗಿರಣಿಯ ರಿಂಗ್ ಫ್ರೇಮ್ ವಿಭಾಗದಲ್ಲಿದ್ದವರು; ಸಾಲು ಸಾಲಾಗಿ ತಿರುಗುವ ಕದಿರುಗಳ ನಡುವೆ ಓಡಾಡುತ್ತ, ಹರಿದ ಎಳೆಯನ್ನು ಯಂತ್ರ ನಿಲ್ಲಿಸದೆ ಬೆರಳ ತುದಿಯಲ್ಲೇ ಕೂಡಿಸುವುದು ಅವರ ಕೆಲಸವಾಗಿತ್ತು. ಗಿರಣಿಗೆ ಬೀಗ ಬಿದ್ದ ಮೇಲೂ ಅವರು ಬಹಳ ದಿನ ಪಾಳಿಯ ಹೊತ್ತಿಗೆ ಸರಿಯಾಗಿ ಬುತ್ತಿ ಹಿಡಿದು ಮನೆ ಬಿಡುತ್ತಿದ್ದರು. ಸಂಘದ ಕಚೇರಿಯಲ್ಲೋ ಬಸ್ ನಿಲ್ದಾಣದಲ್ಲೋ ಕೂತು, ಪಾಳಿ ಬಿಡುವ ಹೊತ್ತಿಗೆ ಮರಳುತ್ತಿದ್ದರು. ಅಷ್ಟರಲ್ಲಿ ಮನೆ ನಡೆಯುತ್ತಿದ್ದದ್ದು ತಾಯಿಯ ಬೀಡಿಯಿಂದ.

ಬೀಡಿ ಕಟ್ಟುವ ಕೆಲಸಕ್ಕೆ ಮೊರ, ಕತ್ತರಿ, ಎಲೆಯ ಅಳತೆಗೊಂದು ತಗಡು, ಒಂದು ಉಂಡೆ ದಾರ ಇಷ್ಟಿದ್ದರೆ ಸಾಕು. ರಾತ್ರಿ ನೆನೆಸಿ ಮೆತ್ತಗಾದ ಎಲೆಯನ್ನು ತಗಡಿನ ಅಳತೆಗೆ ಕತ್ತರಿಸಿ, ಚಿಟಿಕೆ ತಂಬಾಕು ಹರಡಿ, ಸುರುಳಿ ಸುತ್ತಿ, ತುದಿ ಮಡಿಚಿ, ದಾರ ಬಿಗಿಯಬೇಕು. ಕೆಲವು ತಿಂಗಳ ನಂತರ ತಂದೆಯೂ ಮೊರ ಹಿಡಿದು ಕೂತರು, ಆದರೆ ಬೀದಿ ಬಾಗಿಲು ಹಾಕಿಕೊಂಡು. ಯಾರಾದರೂ ಹೊರಗಿನಿಂದ ಕೂಗಿದರೆ ಮೊರ ಸರ್ರನೆ ತಾಯಿಯ ತೊಡೆಗೆ ಸರಿಯುತ್ತಿತ್ತು, ತಂದೆಯ ಕೈಗೆ ದಿನಪತ್ರಿಕೆ ಬರುತ್ತಿತ್ತು. ಕಟ್ಟು ತಗೊಂಡು ಹೋದಾಗ ಕಂತ್ರಾಟುದಾರನ ಕಡೆಯವನು ಸರಿಯಿಲ್ಲದ ಬೀಡಿಗಳನ್ನು ಆರಿಸಿ ಎಸೆಯುವುದು ವಾಡಿಕೆ. ತಂದೆ ಕಟ್ಟಿದ ಕಟ್ಟಿನಲ್ಲಿ ಎಸೆಯುವಂಥವು ಕಡಿಮೆ ಇರುತ್ತಿದ್ದವು. ವರ್ಷಗಟ್ಟಲೆ ಎಳೆ ಕೂಡಿಸಿದ ಬೆರಳುಗಳಲ್ಲವೇ. ಅಜ್ಜಿಗೆ ಇದು ಮನೆತನದ ಮಾನ ಹೋದ ಹಾಗೆ. ಗಂಡಸು ಮೊರ ಹಿಡಿದರೆ ಮನೆಗೆ ದರಿದ್ರ ಎಂದು ಅವಳು ಗೋಡೆಗೆ ಮುಖ ಮಾಡಿ ಕೂರುತ್ತಿದ್ದಳು. ತಾಯಿಗೆ ಬೇರೆ ತಕರಾರಿತ್ತು: ಕೆಲಸ ಮಾಡುವುದು ಇಬ್ಬರೂ ಅಂದಮೇಲೆ ಬಾಗಿಲು ಹಾಕುವುದೇಕೆ, ಸೆಕೆಗೆ ಜೀವ ಹೋಗುತ್ತದೆ ಎಂಬುದು ಅವಳ ಮಾತು. ಬೀಡಿ ಕಾರ್ಮಿಕರಿಗೆ ಕೊಡುವ ಕಾರ್ಡು ಮಾತ್ರ ತಂದೆಯ ಹೆಸರಿನಲ್ಲಿತ್ತು. ಒಂದೇ ಚಿಕ್ಕ ಮನೆಯಲ್ಲಿ ಗಂಡಸುತನದ ಬಗ್ಗೆ ಮೂರು ಅಭಿಪ್ರಾಯಗಳಿದ್ದವು ಮತ್ತು ಮೂರರಲ್ಲಿ ಹೆಚ್ಚು ಬಿಗಿಯಾದದ್ದು ಒಬ್ಬ ಹೆಂಗಸಿನದೇ ಆಗಿತ್ತೆಂಬುದನ್ನು ಗಮನಿಸಬೇಕು.

ಆಸ್ಟ್ರೇಲಿಯಾದ ಸಮಾಜಶಾಸ್ತ್ರಜ್ಞೆ ರೇವಿನ್ ಕಾನೆಲ್ ಇಂಥ ಸಂಗತಿಗಳನ್ನು ವಿವರಿಸಲು ಯಜಮಾನ ಗಂಡಸುತನ ಎಂಬ ಪರಿಕಲ್ಪನೆಯನ್ನು ಬೆಳೆಸಿದರು. ಒಂದು ಸಮಾಜದಲ್ಲಿ ಗಂಡಸುತನಗಳು ಹಲವಿದ್ದರೂ ಅವುಗಳಲ್ಲಿ ಒಂದು ಮಾತ್ರ ಮಾದರಿಯಾಗಿ ಮೇಲೆ ಕೂರುತ್ತದೆ. ಆ ಮಾದರಿಯನ್ನು ಪೂರ್ತಿ ಮುಟ್ಟಿದ ಗಂಡಸರು ತೀರ ಕಡಿಮೆ, ಆದರೂ ಮುಟ್ಟದವರೂ, ಹೆಂಗಸರೂ ಅದಕ್ಕೆ ಒಪ್ಪಿಗೆ ಕೊಡುತ್ತಾರೆ. ಅದರ ಬಲ ಇರುವುದು ಹೊಡೆತದಲ್ಲಲ್ಲ, ಈ ಒಪ್ಪಿಗೆಯಲ್ಲಿ. ಈ ಒಪ್ಪಿಗೆಯ ಅಳತೆ ಬೇಕಾದವರು 2019-20ರಲ್ಲಿ ಕರ್ನಾಟಕದಲ್ಲಿ ನಡೆದ 5ನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ನೋಡಬಹುದು: ಒಂದಲ್ಲ ಒಂದು ಕಾರಣಕ್ಕೆ ಗಂಡ ಹೆಂಡತಿಯನ್ನು ಹೊಡೆಯುವುದು ಸರಿಯೆಂದವರು ರಾಜ್ಯದ ಗಂಡಸರಲ್ಲಿ ಶೇ. 82ರಷ್ಟಿದ್ದರೆ ಹೆಂಗಸರಲ್ಲಿ ಶೇ. 77ರಷ್ಟಿದ್ದರು. ಅದೇ ಸಮೀಕ್ಷೆಯ ಇನ್ನೊಂದು ಕೋಷ್ಟಕದಲ್ಲಿ ವಿವಾಹಿತ ಹೆಂಗಸರಲ್ಲಿ ಸಂತಾನಶಕ್ತಿಹರಣ ಮಾಡಿಸಿಕೊಂಡವರು ಶೇ. 57, ಗಂಡಸರ ಕಾಲಂನಲ್ಲಿ ಇರುವುದು ಸೊನ್ನೆ. ಆಪರೇಷನ್ ಆದರೆ ಮೂಟೆ ಎತ್ತಲು ಆಗುವುದಿಲ್ಲ ಎಂಬ ಮಾತು ಮಾರುಕಟ್ಟೆಯ ಹಮಾಲರಿಂದ ಹಿಡಿದು ಲೇತ್ ನಡೆಸುವವರವರೆಗೆ ಎಲ್ಲರ ಬಾಯಲ್ಲೂ ಇದೆ. ಗಂಡಸರ ಶಸ್ತ್ರಚಿಕಿತ್ಸೆ ಹೆಂಗಸರದ್ದಕ್ಕಿಂತ ಸುಲಭದ್ದೆಂದು ವೈದ್ಯರು ಎಷ್ಟು ಹೇಳಿದರೂ ಆ ಮಾತು ಕದಲಿಲ್ಲ. ಹೆರಿಗೆಯಾಗಿ ಕೆಲವೇ ದಿನಕ್ಕೆ ಆಪರೇಷನ್ ಮಾಡಿಸಿಕೊಂಡು ನೀರಿನ ಕೊಡ ಹೊರುವವಳ ಶಕ್ತಿಯ ಬಗ್ಗೆ ಯಾರಿಗೂ ಇಂಥ ಚಿಂತೆ ಬಂದಂತಿಲ್ಲ.

ಗಂಡಸುತನ ಒಂದೇ ಬಗೆಯದಲ್ಲವೆಂಬುದಕ್ಕೆ ದಾವಣಗೆರೆಯಲ್ಲಿಯೇ ಸಾಕ್ಷ್ಯಗಳಿವೆ. ದುಗ್ಗಮ್ಮನ ಜಾತ್ರೆಯ ಕುಸ್ತಿ ಕಣವನ್ನು ನೋಡಿದವರಿಗೆ ಗರಡಿಮನೆಯ ಗಂಡಸುತನ ಸಿನಿಮಾದ ಗಂಡಸುತನಕ್ಕಿಂತ ಬೇರೆಯೆಂದು ಗೊತ್ತು. ಗರಡಿಯ ಶಿಸ್ತು ಮಣ್ಣಿಗೆ ನಮಸ್ಕರಿಸುವುದರಿಂದ ಶುರುವಾಗುತ್ತದೆ, ಊಟ, ನಿದ್ದೆ, ಕೋಪಗಳಿಗೆ ಲಗಾಮು ಹಾಕುತ್ತದೆ, ಸೋತವನ ಬೆನ್ನು ತಟ್ಟುವುದನ್ನು ಕಲಿಸುತ್ತದೆ. ಗಂಡು ಹೆಣ್ಣಿನ ಭೇದವನ್ನೇ ಪ್ರಶ್ನಿಸಿದ ವಚನಕಾರರ ಮಾತೂ ಈ ಊರಿಗೆ ಹೊಸದಲ್ಲ. ಹರ್ಡೇಕರ ಮಂಜಪ್ಪನವರು ಮೃತ್ಯುಂಜಯ ಸ್ವಾಮಿಗಳ ಜೊತೆಗೂಡಿ 1913ರಲ್ಲಿ ಬಸವ ಜಯಂತಿಯ ಸಾರ್ವಜನಿಕ ಆಚರಣೆಗೆ ನಾಂದಿ ಹಾಡಿದ್ದು ಇದೇ ಊರಿನಲ್ಲಿ. ಗಂಡು ಹೆಣ್ಣೆಂಬ ಭೇದ ಆತ್ಮಕ್ಕಿಲ್ಲವೆಂದ ವಚನಕಾರ ಜೇಡರ ದಾಸಿಮಯ್ಯ, ನೇಕಾರಿಕೆಯ ಕಸುಬಿನವನು, ಇಲ್ಲಿನ ಮಠಗಳ ವೇದಿಕೆಯಲ್ಲಿ ಇಂದಿಗೂ ಗೌರವದಿಂದ ಉಲ್ಲೇಖಗೊಳ್ಳುತ್ತಾನೆ. ಬಟ್ಟೆಯ ಊರಿನ ಗಿರಣಿಗಳಿಗೆ ಆ ನೇಕಾರನ ಮಾತು ತಲುಪಿದ ಹಾಗೆ ಕಾಣುವುದಿಲ್ಲ. ಹೆಣ್ಣಿನ ದುಡಿಮೆ ಮರೆಯಾದದ್ದು ಗಿರಣಿಯ ಲೆಕ್ಕದಲ್ಲಷ್ಟೇ ಅಲ್ಲ. ಊರಿನ ಹೆಸರನ್ನು ದೂರ ದೂರಕ್ಕೆ ಒಯ್ದ ಬೆಣ್ಣೆ ದೋಸೆ, 1928ರ ಸುಮಾರಿಗೆ ಬೆಳಗಾವಿ ಕಡೆಯ ಬಿಡ್ಕಿಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮ ಎಂಬ ಹೆಣ್ಣುಮಗಳು ಇಟ್ಟ ದೋಸೆ ಅಂಗಡಿಯಿಂದ ಬೆಳೆಯಿತೆಂದು ಹೇಳುತ್ತಾರೆ. ದೋಸೆಯ ಹೋಟೆಲುಗಳ ಫಲಕದಲ್ಲಿ ಅವಳ ಹೆಸರು ಹುಡುಕಿದರೂ ಸಿಗುವುದು ಕಷ್ಟ.

ಪಡಿಯಚ್ಚಿನ ಕಾಠಿಣ್ಯವನ್ನು ಎಲ್ಲರಿಗಿಂತ ಹತ್ತಿರದಿಂದ ಕಂಡವರು ಗಂಡೆಂದು ಹುಟ್ಟಿ ಹೆಣ್ಣಾಗಿ ಬದುಕಲು ಹೊರಟವರು. ದಾವಣಗೆರೆ ಬಳಿಯ ಕುಕ್ಕುವಾಡದಲ್ಲಿ ಓದಿದ ಮಂಜುನಾಥ ಶೆಟ್ಟಿ ಎಂಬ ಹುಡುಗ ಮುಂದೆ ಮಂಜಮ್ಮ ಜೋಗತಿಯಾದ ಕಥೆ ನಾಡಿಗೆ ಗೊತ್ತು. ಮನೆಯಿಂದ ದೂರವಾಗಿ ಅಲೆಯುತ್ತಿದ್ದ ಕಾಲದಲ್ಲಿ, ಇದೇ ದಾವಣಗೆರೆಯ ಬಸ್ ನಿಲ್ದಾಣದಲ್ಲಿ, ತಂದೆ ಹಾಡುತ್ತಿದ್ದರೆ ಮಗ ತಲೆಯ ಮೇಲೆ ಕೊಡ ಹೊತ್ತು ಕುಣಿಯುತ್ತಿದ್ದುದನ್ನು ಕಂಡು ತಮಗೆ ಜೋಗತಿ ಕುಣಿತದ ಹಂಬಲ ಹತ್ತಿತೆಂದು ಅವರು ಹೇಳಿಕೊಂಡಿದ್ದಾರೆ. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಬಂತು. ಜೋಗತಿಯರ ಆರಾಧ್ಯದೇವಿ ಯಲ್ಲಮ್ಮನ ಪರಂಪರೆ ಇಂಥವರಿಗೆ ಶತಮಾನಗಳಿಂದ ಒಂದು ಜಾಗ ಕೊಟ್ಟಿದೆಯೆಂದು ಹೆಮ್ಮೆಪಡುವವರಿದ್ದಾರೆ. ಹೆಮ್ಮೆಗೆ ಆಧಾರವೂ ಇದೆ. ಆದರೆ ಆ ಜಾಗ ದೇವಸ್ಥಾನದ ಅಂಗಳದಲ್ಲಿ, ಭಿಕ್ಷೆಯ ಪಡಲಿಗೆಯ ಜೊತೆಗೆ ಸಿಕ್ಕಿತೇ ಹೊರತು ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಸಿಗಲಿಲ್ಲ. ಪೂಜೆಗೆ ಒಪ್ಪಿದ ಸಮಾಜ ಪಗಾರಕ್ಕೆ ಒಪ್ಪಿರಲಿಲ್ಲ.

ಈಗ ಕರೂರಿಗೆ ಬರಬಹುದು. ಈ ಕೈಗಾರಿಕಾ ಪ್ರದೇಶದ ಸಣ್ಣಪುಟ್ಟ ಘಟಕಗಳ ನಡುವೆ ಸಿದ್ಧ ಉಡುಪಿನ ಕೆಲಸ ಬೆಳೆದಂತೆಲ್ಲ ಪಾಳಿಯ ಹೊತ್ತಿನ ರಸ್ತೆಯ ನೋಟವೇ ಬದಲಾಯಿತು. ಬುತ್ತಿ ಹಿಡಿದು ಹೊರಟವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳಾದರು. ಇದಕ್ಕೆ ಉದ್ಯಮದವರು ಕೊಡುವ ಕಾರಣ ಹೆಣ್ಣಿನ ಬೆರಳು ನಾಜೂಕು, ಸಹನೆ ಹೆಚ್ಚು ಎಂಬುದು. ರಿಂಗ್ ಫ್ರೇಮಿನಲ್ಲಿ ಎಳೆ ಕೂಡಿಸಿದವರ ಬೆರಳುಗಳನ್ನು ಕಂಡ ಊರಿನಲ್ಲಿ ಈ ಕಾರಣವನ್ನು ಯಾರೂ ಪ್ರಶ್ನಿಸದೆ ನಂಬುವುದು ಆಶ್ಚರ್ಯ. ಪೇಟೆಯ ದರ್ಜಿ ಅಂಗಡಿಗಳಲ್ಲಿ ತಲೆತಲಾಂತರದಿಂದ ಹೊಲಿಗೆ ಯಂತ್ರ ತುಳಿದವರು ಬಹುತೇಕ ಗಂಡಸರೇ. ಅಲ್ಲಿ ಹೊಲಿಗೆ ಒಂದು ವಿದ್ಯೆ, ಅದನ್ನು ಬಲ್ಲವನು ಮೇಸ್ತ್ರಿ. ಅದೇ ಸೂಜಿ ಕಾರ್ಖಾನೆಯ ಸಾಲಿಗೆ ಬಂದು, ಒಬ್ಬರಿಗೆ ಕಾಲರು ಇನ್ನೊಬ್ಬರಿಗೆ ತೋಳು ಎಂದು ತುಂಡಾಗಿ ಹಂಚಿಹೋದ ಕೂಡಲೆ ಅದು ಹೆಣ್ಣಿಗೆ ಹುಟ್ಟಿನಿಂದಲೇ ಬರುವ ಗುಣವಾಯಿತು. ಹುಟ್ಟಿನಿಂದ ಬರುವುದಕ್ಕೆ ಹೆಚ್ಚು ಕೂಲಿ ಕೊಡಬೇಕಾಗಿಲ್ಲ, ಇದರ ಒಳಗುಟ್ಟು ಅಷ್ಟೇ. ಕಟಿಂಗ್ ಮೇಜಿನ ಮೇಲೆ, ಇಸ್ತ್ರಿಯ ಬಳಿ, ಸಾಲಿನ ತಲೆಯಲ್ಲಿ ಸೂಪರ್‌ವೈಸರನಾಗಿ ಗಂಡಸರೇ ನಿಲ್ಲುವುದು ಈ ಉದ್ಯಮದ ಸಾಮಾನ್ಯ ಚಿತ್ರ.

ಪಾಳಿ ಬಿಡುವ ಹೊತ್ತಿಗೆ ಗೇಟಿನ ಹೊರಗೆ ಬೈಕುಗಳ ಸಾಲು ನಿಂತಿರುತ್ತದೆ. ಹೆಂಡತಿಯನ್ನು ಕರೆದೊಯ್ಯಲು ಬಂದ ಗಂಡಂದಿರವರು. ಇದನ್ನು ಕಾಳಜಿಯೆನ್ನುವವರಿದ್ದಾರೆ, ಕಾವಲೆನ್ನುವವರೂ ಇದ್ದಾರೆ, ಮತ್ತು ಬಹುಶಃ ಎರಡೂ ನಿಜ. ಪಗಾರ ನೇರ ಅವಳ ಬ್ಯಾಂಕ್ ಖಾತೆಗೆ ಬೀಳುತ್ತದೆ. ಎಷ್ಟೋ ಮನೆಗಳಲ್ಲಿ ಆ ಖಾತೆಯ ಎಟಿಎಂ ಕಾರ್ಡು ಗಂಡನ ಅಂಗಿಯ ಜೇಬಿನಲ್ಲಿರುತ್ತದೆ. ಅವಳ ದುಡಿಮೆಗೆ ತನ್ನ ಹೆಸರಿನ ಕಾರ್ಡಿರಬೇಕೆಂದ ಹಿಂದಿನ ತಲೆಮಾರಿನ ಹಟವೇ ಇಲ್ಲಿ ಬೇರೆ ರೂಪದಲ್ಲಿ ಮುಂದುವರಿದಿದೆ. ದುಡಿಯುವವನೊಬ್ಬನೇ ಎಂಬ ಆಧಾರ ಕುಸಿದಿದೆ. ಆ ಆಧಾರದ ಮೇಲೆ ಪಡೆದ ಅಧಿಕಾರ ಮಾತ್ರ ಹಾಗೇ ಉಳಿದಿದೆ.

2023ರ ಜೂನ್ 11ರಂದು ಶಕ್ತಿ ಯೋಜನೆಯಡಿ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಶುರುವಾದಾಗ, ಗಂಡಸರಿಗೇನಿದೆ ಎಂಬ ಪ್ರಶ್ನೆ ಚಹಾದಂಗಡಿಗಳಲ್ಲಿ ಜೋರಾಗಿಯೇ ಎದ್ದಿತು. ಅದನ್ನು ಹೊಟ್ಟೆಕಿಚ್ಚೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಐಟಿಐ ಮುಗಿಸಿ ದಿನಗೂಲಿಯ ಮೇಲೆ ಲೇತ್ ನಡೆಸುವ ಹುಡುಗನಿಗೆ ಸಂಸಾರ ಸಾಕುವ ಪಗಾರವಿಲ್ಲ, ಸಂಘವಿಲ್ಲ, ಹೆಣ್ಣು ಕೊಡುವವರೂ ಇಲ್ಲ. ಆದರೂ ಅವನನ್ನು ಅಳೆಯುವ ಕೋಲು ಅವನ ಅಜ್ಜನ ಕಾಲದ ಗಿರಣಿ ಪಗಾರದ್ದೇ. ಅವನ ಸಂಕಟ ನಿಜವಾದದ್ದು, ಆದರೆ ಅವನು ಅದರ ಜವಾಬ್ದಾರಿಯನ್ನು ಬಸ್ಸಿನಲ್ಲಿ ಕೂತ ಹೆಂಗಸಿನ ಮೇಲೆ ಹೊರಿಸುವುದು ತಪ್ಪು ವಿಳಾಸಕ್ಕೆ ಕಾಗದ ಬರೆದ ಹಾಗೆ. ಹೋರಾಟವೆಂದರೆ ಗಂಡಸರದೆಂಬ ಮಾತಿಗೆ 2016ರ ಏಪ್ರಿಲ್‌ನಲ್ಲಿಯೇ ಉತ್ತರ ಸಿಕ್ಕಿದೆ. ಭವಿಷ್ಯ ನಿಧಿಯ ಹಣ ತೆಗೆಯುವ ನಿಯಮ ಬಿಗಿಯಾದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಹೆಸರಾಂತ ನಾಯಕರ ಕರೆಗೆ ಕಾಯದೆ, ಎರಡು ದಿನ ರಸ್ತೆಗಿಳಿದು ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂಪಡೆಯುವಂತೆ ಮಾಡಿದರು. ಅದರ ಲಾಭ ದೇಶದ ಗಂಡಸು ಕಾರ್ಮಿಕರಿಗೂ ದಕ್ಕಿತು.

ರಾತ್ರಿಪಾಳಿಯ ನಿರ್ಬಂಧವನ್ನು ಕರ್ನಾಟಕ 2019ರಲ್ಲಿ, ಷರತ್ತುಗಳೊಂದಿಗೆ, ಸಡಿಲಿಸಿತು. ಇನ್ನು ಉಳಿದಿರುವುದು ಮಕ್ಕಳ ಪ್ರಶ್ನೆ. ಹಳೆಯ ಕಾಯ್ದೆಯ 48ನೇ ಕಲಮು 30ಕ್ಕಿಂತ ಹೆಚ್ಚು ಹೆಂಗಸರಿರುವ ಕಾರ್ಖಾನೆ ಅವರ ಮಕ್ಕಳಿಗೆ ಶಿಶುವಿಹಾರ ನಡೆಸಬೇಕೆಂದಿತ್ತು. ಅಂದರೆ ಎಷ್ಟು ಸಾವಿರ ಗಂಡಸರು ದುಡಿದರೂ ಕಾಯ್ದೆಯ ಕಣ್ಣಿಗೆ ಅವರಿಗೆ ಮಕ್ಕಳೇ ಇರಲಿಲ್ಲ, ಮತ್ತು ಹೆಣ್ಣಾಳುಗಳ ಸಂಖ್ಯೆಯನ್ನು 30ರ ಒಳಗಿಟ್ಟರೆ ಮಾಲೀಕನಿಗೆ ಖರ್ಚೂ ಇರಲಿಲ್ಲ. 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆ ಈ ಲೆಕ್ಕವನ್ನು ಬದಲಿಸಿ, ಗಂಡು ಹೆಣ್ಣೆನ್ನದೆ 50ಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ ಶಿಶುವಿಹಾರದ ಮಾತಾಡುತ್ತದೆ. ಕರೂರಿನ ಕಾರ್ಮಿಕ ಸಂಘಟನೆಗಳು ಮುಂದಿನ ಬೇಡಿಕೆಪಟ್ಟಿಯಲ್ಲಿ ಇದನ್ನು ಮೊದಲಿಗೆ ಬರೆಯಬೇಕು, ಮತ್ತು ಆ ಪಟ್ಟಿ ಹಿಡಿದು ಮಾಲೀಕರ ಬಳಿ ಹೋಗುವವರಲ್ಲಿ ಲೇತಿನ ಮುಂದೆ ನಿಲ್ಲುವ ತಂದೆಯಂದಿರೂ ಇರಬೇಕು.